ಅಡ್ಡಿಲ್ಲ

ದೇರಳಕಟ್ಟೆಯ ಆಸ್ಪತ್ರೆಯಲ್ಲಿ
ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಏನೋ ಇಟ್ಟು ಹೊಲಿದರು.
ವಾರ ಕಳೆಯಿತು. ಗೇರುಬೀಜದ ಫ್ಯಾಕ್ಟರಿಯಲ್ಲಿ
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು:
ಇದು ಇನ್ನೂರ ನಲ್ವತ್ತು, ಇದು ಮುನ್ನೂರ ಇಪ್ಪತ್ತು,
ಇದು ತುಂಡು.

ವಾಮನಣ್ಣನ ತಕ್ಕಡಿ
ಡಬ್ಬಕ್ಕೆ ನಲ್ವತ್ತು ಗ್ರಾಂ ನುಂಗುತ್ತದೆ.
ದಿನಕ್ಕೆ ಆರು ಡಬ್ಬ, ಹನ್ನೊಂದು ವರ್ಷ.
ಲೆಕ್ಕ ತಾನಾಗಿ ಬಂತು,
ನಿದ್ದೆ ಹೋಯಿತು.

ಅಪ್ಪಿಯಕ್ಕನಿಗೆ ಹೇಳಿದೆ.
'ಅಷ್ಟು ನನಗೂ ಗೊತ್ತು ಮಾರಾಯ್ತಿ' ಎಂದಳು,
ಕಿವಿಯ ಹಿಂದೆ ಬರೀ ಅಬ್ಬಲಿಗೆ ಮುಡಿದವಳು.

ಮೊನ್ನೆ ಡಾಕ್ಟರು ಕೇಳಿದರು:
ಬದುಕು ಸುಧಾರಿಸಿತೇ?
ಒಂದರಿಂದ ಹತ್ತರೊಳಗೆ ಹೇಳಿ.
'ಆರೂ ಮುಕ್ಕಾಲು' ಎಂದೆ.
ಮೊದಲಾದರೆ 'ಅಡ್ಡಿಲ್ಲ' ಎನ್ನುತ್ತಿದ್ದೆ.

'ಹಾಗಾದರೆ ತೆಗೆದುಬಿಡೋಣವೇ?'

ಕೈ, ನನ್ನನ್ನು ಕೇಳದೆ,
ಕಿವಿ ಮುಚ್ಚಿಕೊಂಡಿತು.