ಕತ್ತರಿಗೆ ಸಿಗದ್ದು

ಫೋನಿನಿಂದ ಮುಖ ಎತ್ತದೆಯೇ ಕೇಳುತ್ತೀಯ, ಬ್ರಿಕೆನಾ:
"ಅಜ್ಜಿ, ಈ ಸಿನಿಮಾದೊಳಗೆ ಏನೋ ಹೂತಿಟ್ಟಿದ್ದಾರಂತೆ, ಹೌದಾ?"
ಒಲೆಗೆ ಇನ್ನೊಂದು ಸೌದೆ ಹಾಕು, ಹೇಳುತ್ತೇನೆ.
ಕೊರ್ಚಾದ ಚಳಿಗೆ ಮಾತೂ ಹೆಪ್ಪುಗಟ್ಟುತ್ತದೆ.

ಹದಿನಾರು ವರ್ಷ ನನ್ನ ಕೆಲಸವೇ ಅದು,
ಹೂತಿಟ್ಟದ್ದನ್ನು ಅಗೆದು ತೆಗೆಯುವುದು.
ಟಿರಾನಾದ ಒಂದು ನೆಲಮಾಳಿಗೆ, ಮೇಜು, ದೀಪ,
ಕೈಗೆ ಬಿಳಿ ಹತ್ತಿಯ ಗವಸು, ಗವಸಿನಲ್ಲಿ ಕತ್ತರಿ.
ಹೊರದೇಶದ ಚಿತ್ರಗಳು ತಗಡಿನ ಡಬ್ಬಿಯಲ್ಲಿ ಬರುತ್ತಿದ್ದವು
ಹಾವಾಡಿಗನ ಬುಟ್ಟಿಯ ಹಾಗೆ.
ಕಾಮ್ರೇಡ್ ಪೆಟ್ರಾಕ್ ಬೆನ್ನ ಹಿಂದೆ ಕೂತು ಸಿಗರೇಟು ಸೇದುತ್ತ
"ಅಲ್ಲಿ" ಅನ್ನುತ್ತಿದ್ದ.
ಅಷ್ಟೇ. ಅಲ್ಲಿ.

ಮುತ್ತು, ಕಚಕ್.
ಶಿಲುಬೆ, ಕಚಕ್.
ಶ್ರೀಮಂತ ನಕ್ಕರೆ ಕಚಕ್. ಬಡವ ನಕ್ಕರೆ
ಎಷ್ಟು ಹೊತ್ತು ನಗುತ್ತಾನೆ ನೋಡಿ, ಆಮೇಲೆ ಕಚಕ್.
ಒಮ್ಮೆ ಒಂದು ಗಿಣಿಯನ್ನೂ ಕತ್ತರಿಸಿದೆವು,
ಹಿಂದೆ ಮುಂದೆ ನೋಡದೆ ಅದು "ಬಾಗಿಲು ತೆಗಿ" ಅಂದಿತ್ತು.
ಸಂಜೆ ಚೂರುಗಳನ್ನೆಲ್ಲ ತಕ್ಕಡಿಗೆ ಹಾಕಬೇಕು:
ಇಷ್ಟು ಗ್ರಾಂ ಅಪಾಯ,
ಸಹಿ, ಬೆಂಕಿ.

ಎಪ್ಪತ್ತೊಂಬತ್ತರ ಚಳಿಗಾಲ ಒಂದು ಚಿತ್ರ ಬಂತು.
ಕೆಲಸ ಕಳೆದುಕೊಂಡ ಕಾರ್ಮಿಕ, ಬಾಡಿಗೆ ಬಾಕಿ, ಕೆಮ್ಮುವ ಮಗು.
ಪೆಟ್ರಾಕ್‌ಗೆ ಹಬ್ಬ.
"ನೋಡು ಒಲಿಂಬಿ, ಅಲ್ಲಿಯವರ ಗೋಳು!
ಇದಕ್ಕೆ ಕತ್ತರಿಯೇ ಬೇಡ."

ರಜೆಗೆ ಊರಿಗೆ ಬಂದಾಗ ಅಮ್ಮನ ಪಕ್ಕ ಕೂತು ನೋಡಿದೆ.
ಮೇಲೆ ಸೋತಿರ್ ರೀಲು ತಿರುಗಿಸುತ್ತಿದ್ದ.
ನಾಯಕ ಮನೆಗೆ ಬರುತ್ತಾನೆ, ಹೆಂಡತಿ ಮೇಲೆ ರೇಗುತ್ತಾನೆ,
ನೀರಿಗೆಂದು ಫ್ರಿಜ್ಜು ತೆರೆದು
ದಢಾರನೆ ಮುಚ್ಚುತ್ತಾನೆ.
ಮೂರು ಸೆಕೆಂಡು.

ಥಿಯೇಟರಿಗೆ ಥಿಯೇಟರೇ ಉಸಿರು ಹಿಡಿಯಿತು.
ಒಳಗೆ ಅರ್ಧ ಕೋಳಿ, ನಿಂಬೆಹಣ್ಣು,
ಹಳದಿ ಬೆಳಕಿನಲ್ಲಿ ಸಾಲಾಗಿ ಕೂತ
"ಒಂಬತ್ತು," ಅಂದಳು ಅಮ್ಮ ಕಿವಿಯಲ್ಲಿ.
"ಏನು?"
"ಮೊಟ್ಟೆ."
ನಾಯಕ ಆಮೇಲೆ ಬಹಳ ಅತ್ತ.
ಯಾರೂ ನೋಡಲಿಲ್ಲ.

ಮರುದಿನ ಟಿಕೆಟ್ಟಿಗೆ ಸಾಲು ಬೇಕರಿ ತಿರುವಿನವರೆಗೆ.
ಕೆಲವರು ಮೂರನೇ ಸಲ ಬಂದದ್ದು
ನಿಂಬೆಹಣ್ಣು ನಾಲ್ಕೋ ಐದೋ ಎಂಬ ಜಗಳ ತೀರಿಸಿಕೊಳ್ಳಲು.
ನಾವು ಚಾಪೆ ಕೆಳಗೆ ಹುಡುಕುತ್ತಿದ್ದೆವು,
ಮೊಟ್ಟೆ ರಂಗೋಲಿ ಕೆಳಗೆ ತೂರಿತ್ತು.

ಯಾರು ಇಟ್ಟರು ಅದನ್ನು, ಹೇಳು.
ನಿರ್ದೇಶಕನಾ? ಅವನ ದೇಶದ ಸರ್ಕಾರವಾ?
ನನಗನ್ನಿಸುತ್ತೆ, ಸೆಟ್ಟಿನಲ್ಲಿ ಯಾವನೋ ಹುಡುಗ
ಬಡವನ ಫ್ರಿಜ್ಜು ಖಾಲಿ ಖಾಲಿ ಕಾಣಲಿ ಅಂತ
ಪಾಪ, ಒಂಬತ್ತೇ ಇಟ್ಟಿದ್ದ.

ಪೆಟ್ರಾಕ್‌ನನ್ನು ಮಾರ್ಚಿಯಲ್ಲಿ ಬುಲ್ಚಿಜದ ಗಣಿಗೆ ಕಳಿಸಿದರು.
ನನ್ನನ್ನೂ ಕರೆಸಿದ್ದರು. "ಕತ್ತರಿ ನಿನ್ನ ಕೈಲಿತ್ತಲ್ಲ?"
"ಅಲ್ಲಿ ಅನ್ನಬೇಕಾದವನು ಅನ್ನಲಿಲ್ಲ," ಅಂದೆ.
ಸುಳ್ಳಲ್ಲ.
ಆದರೆ ಆ ಮೂರು ಸೆಕೆಂಡು, ಎಪ್ಪತ್ತೆರಡು ಚೌಕ,
ನನ್ನ ಬೆರಳ ನಡುವೆಯೇ ಹಾದುಹೋಗಿತ್ತು.
ದೀಪಕ್ಕೆ ಹಿಡಿದಿದ್ದೆ.
ಕಂಡಿತ್ತಾ? ಕಂಡೂ ಬಿಟ್ಟೆನಾ?
ಅಮ್ಮನಿಗೆ ಕಾಣಲಿ ಅಂತ ಬಿಟ್ಟೆನಾ?
ನಲವತ್ತು ವರ್ಷದಿಂದ ಆ ರೀಲನ್ನು ಹಿಂದಕ್ಕೆ ಸುತ್ತುತ್ತಿದ್ದೇನೆ,
ಪ್ರತಿ ಸಲ ಅಲ್ಲೇ ಹರಿಯುತ್ತದೆ.

ನೀನು ಈಗ ಬೆರಳಿಂದ ಹಿಗ್ಗಿಸಿ ನೋಡುತ್ತೀಯ,
ಮೂಲೆಯ ಗೋಡೆಗೆ ಕೆಂಪು ಸುತ್ತು ಹಾಕುತ್ತೀಯ.
ನೋಡು, ಬೇಡ ಅನ್ನೆನು.
ಪೆಟ್ರಾಕ್‌ಗೂ ನಿನ್ನಷ್ಟೇ ಚುರುಕು ಕಣ್ಣಿತ್ತು,
ಮಧ್ಯಾಹ್ನ ಊಟ ಮಾತ್ರ
ಪಕ್ಷದ ಕ್ಯಾಂಟೀನಿನಲ್ಲಿ.

ಸಾಕು, ಏಳು. ಮೊಸರು ತಾ.
ಫ್ರಿಜ್ಜಿನ ಬಾಗಿಲು ಮೆಲ್ಲಗೆ ಹಾಕು.
ನೀನು ತೆರೆದಾಗೆಲ್ಲ ಇಲ್ಲಿಂದಲೇ ಎಣಿಸುತ್ತೇನೆ, ಗೊತ್ತಾ?
ಬೆಳಿಗ್ಗೆ ಆರಿದ್ದವು.