ಒರಸೂ ಅರಿವಿ

ಗುರುವಾರ ಹನ್ನೊಂದಕ್ಕ ಸವಾಲು.
ಹನ್ನೊಂದಾಗಿ ನಾಕು ನಿಮಿಷಕ್ಕ
ಸರ್ವರ್ ನೆಲಾ ಹಿಡೀತು.

ತಿಕೋಟಾ, ಬಿಜ್ಜರಗಿ, ಬಬಲೇಶ್ವರ, ವಿಜಯಪುರದ ಗಲ್ಲಿ ಗಲ್ಲಿ,
ಹತ್ತು ಸಾವಿರ ಫೋನು. ಮಾತು ಒಂದ:
ಹಸರ ಮಣೂಕ ಏನ ರೇಟು?
ಅದೂ ಪಾಪ, ಪ್ರತಿ ಸಲ ಮೊದಲಿಂದ
ಲಾಟ್ ಎಣಿಸಿ, ತೂಕ ಹಚ್ಚಿ, ಕೂಡಿಸಿ, ಭಾಗಿಸಿ
ಈಗಷ್ಟ ಹೇಳಿದ್ದನ್ನ ಮತ್ತ ಹೇಳತಿತ್ತು.
ಆಗಲೇ ಹೇಳೇನಲ್ಲ ಅನ್ನಾಕ ಅದಕ್ಕ ಬಾಯಿಲ್ಲ.

ಖೋಲಿ ಮೂಲ್ಯಾಗ ದಸ್ತಗೀರಸಾಬ ಗದ್ಯಾಳ ಕಾಕಾ.
ಒಣದ್ರಾಕ್ಷಿ ಪ್ಯಾಟ್ಯಾಗ ಮೂವತ್ತೊಂದು ವರ್ಷ ಕಾರಕೂನ, ಈಗ ರಿಟೈರ್.
ಎಸಿ ಇರೂದು ಇದೊಂದ ಖೋಲ್ಯಾಗ, ಅದಕ್ಕ ಬರತಾರ.
ನಾ ಏನೂ ಅನ್ನೂದಿಲ್ಲ, ಅವರೂ ಏನೂ ಕೇಳೂದಿಲ್ಲ.
ಅವತ್ತ ಕೇಳಿದ್ರು:
"ಯಾಕ ಬೆವತೀ ಯವ್ವಾ, ಇಷ್ಟ ತಂಪಿನಾಗ?"

ಹೇಳಿದೆ. ನಕ್ಕರು.
"ನಮ್ಮ ಕಾಲಕ್ಕೂ ಇದ ಗೋಳು.
ಸವಾಲಿನ ಕಟ್ಟಿ ಮ್ಯಾಲ ಒಬ್ಬಾತ ಬರಕೋಂತ ಕುಂತಿರಾಂವ,
ಮಂದಿ ಎಲ್ಲಾ ಅವನ ಹೆಗಲ ಬಡದು ಬಡದು ಕೇಳೂದು.
ಬರಿಯೂದ ನಿಂತಬಿಡತಿತ್ತು.
ಆಮ್ಯಾಲ ನಾಕೂ ಗೇಟಿಗೆ ನಾಕು ಕರೀ ಹಲಗಿ ತೂಗಹಾಕಿದ್ವಿ.
ಕೇಳಾಂವ ಗೇಟಿನ್ಯಾಗ ಓದಿ ಹೊಳ್ಳಿ ಹೋಗಾಂವ.
ನಿನ್ನ ಹಲಗಿ ಎಲ್ಲೈತಿ?"

ಎರಡು ರಾತ್ರಿ ಹಿಡೀತು.
ಗುಜರಿಗೆ ಹೊಂಟಿದ್ದ ನಾಕು ಮಶೀನಿನ ಧೂಳಾ ಝಾಡಿಸಿ
ಸರ್ವರಿನ ಮುಂದ ಸಾಲಾಗಿ ನಿಲ್ಲಿಸಿದೆ, ಪ್ರಾಕ್ಸಿ ಮಾಡಿ.
ಒಮ್ಮೆ ಕೇಳಿ ನೆನಪಿಟ್ಟುಕೊಳ್ರಿ, ಸಾವಿರ ಮಂದಿಗೆ ಹೇಳ್ರಿ.
ಗೊತ್ತಿರದಿದ್ರ ಮೊದಲ ಬಾಜೂ ಹಲಗಿ ನೋಡ್ರಿ,
ಅಲ್ಲೂ ಇಲ್ಲಂದ್ರ ಒಬ್ಬಾತ ಒಳಗ ಹೋಗಲಿ,
ಉಳಿದವರು ಹೊಸ್ತಿಲದಾಗ ನಿಲ್ರಿ.
ಯಾರದರ ಸ್ವಂತ ಬಿಲ್ಲು, ಬ್ಯಾಂಕಿನ ನಂಬರ್,
ಅದನ್ನ ಮಾತ್ರ ಹಲಗಿ ಮ್ಯಾಲ ಬರೀಬ್ಯಾಡ್ರಿ.

ಮುಂದಿನ ಗುರುವಾರ
ನೂರಕ್ಕ ತೊಂಬತ್ತಾರು ಪ್ರಶ್ನಿ ಬಾಗಲದಾಗ ಮುಗದೂವು.
ಸರ್ವರಿನ ಫ್ಯಾನಿನ ಸಪ್ಪಳಾ ಸೈತ ಕೇಳಲಿಲ್ಲ.
ನಾ ಮಿರ್ಚಿ ತರಿಸಿದೆ. ಕಾಕಾ ಮುಟ್ಟಲಿಲ್ಲ.

"ಒರಸೂ ಅರಿವಿ ಯಾರ ಕೈಯಾಗೈತಿ?" ಅಂದ್ರು.

ಒಂದ ಸಲ ಉತ್ತರದ ಗೇಟಿನ ಹಲಗಿ ಒರಸೂದು ಉಳದಿತ್ತಂತ.
ಒಳಗ ರೇಟು ಐವತ್ತೊಂದಕ್ಕ ಏರಿತ್ತು,
ಹಲಗಿ ಇನ್ನೂ ನಲವತ್ತೆರಡು ಅಂತಿತ್ತು.
ಕನಮಡಿ ಭಾಗೀರಥಿ ಸಿದರಡ್ಡಿ, ಒಂಬತ್ತು ಬಾಕ್ಸ್ ತಂದಾಕಿ,
ಓದಿದಳು. ಗೇಟಿನ್ಯಾಗಿನ ದಲಾಲಿಗೆ ಹೂಂ ಅಂದಳು.
"ಗೊತ್ತಾದ ಮ್ಯಾಲೂ ಬೈಲಿಲ್ಲ ಆಕಿ.
ಹಲಗಿ ಹಂತೇಕ ಬಂದು ಸೆರಗಿಲೆ ಒರಸಿ ಹೋದಳು.
ಸುಣ್ಣಾ ಹತ್ತಿತ್ತು ಸೆರಗಿಗೆ.
ಆ ಅಂಕಿ ಬರದಾಂವ ನಾನ."

ಮಿರ್ಚಿ ಆರಿತು.
ನಾ ಬರದಿಟ್ಟದ್ದು ನೋಡಿದೆ: ಹತ್ತು ನಿಮಿಷ ನೆನಪು.
ಹತ್ತು ನಿಮಿಷದಾಗ ಎಷ್ಟು ಮಂದಿ ಹೂಂ ಅಂತಾರ?
ಅಳಿಸಿ ಇಪ್ಪತ್ತು ಸೆಕೆಂಡು ಮಾಡಿದೆ.
ಕಟ್ಟಿ ಮ್ಯಾಲ ರೇಟು ಬದಲಾದ ಗಳಿಗ್ಯಾಗ
ನಾಕೂ ಕಡೆ ಒರಸ್ರಿ ಅಂತ ಒಂದು ಕೂಗು ಹಾಕಿಸಿದೆ.
ಸರ್ವರಿಗೆ ತುಸು ಭಾರ ಹೆಚ್ಚಾತು.
ಆಗಲಿ.

ಈಗ ಪ್ರತಿ ರೇಟಿನ ಬಾಜೂಕ ಸಣ್ಣ ಅಕ್ಷರದಾಗ ಒಂದು ಸಾಲೈತಿ:
ಹನ್ನೊಂದು ಸೆಕೆಂಡಿನ ಹಿಂದಿನ ಮಾತಿದು.
ಯಾರೂ ಓದೂದಿಲ್ಲ ಅಂತಾರ.
ಕಾಕಾ ಓದತಾರ, ಚಷ್ಮಾ ಏರಿಸಿ,
ಗುರುವಾರಕ್ಕೊಮ್ಮೆ, ಎಸಿ ಕೆಳಗ ಕುಂತು.
ಓದಿ, ತೋರು ಬೆರಳಿಲೆ
ಪರದೆ ಮ್ಯಾಲಿನ ಅಂಕಿ ಒರಸಿ ನೋಡತಾರ.