ಏಳನೆಯ ಕರೆ

ಎಪಿಎಂಸಿ ಯಾರ್ಡಿನ ಹಿಂದಿನ ಗೇಟಿನಲ್ಲಿ
ವೇಬ್ರಿಡ್ಜಿನ ಹಳೇ ಕಂಪ್ಯೂಟರು ಯುಗಾದಿ ಮರುದಿನ ಸತ್ತಿತು.
ಪ್ರೋಗ್ರಾಮು ಉಳಿದಿತ್ತು, ಒಂದು ಫ್ಲಾಪಿಯಲ್ಲಿ.
ಬರೆದವರು ಯಾರೋ, ಹೆಸರು ಹಾಕಿರಲಿಲ್ಲ.
"ಹೊಸದು ಬ್ಯಾಡವ್ವಾ" ಅಂದರು ಕೊಟ್ರಬಸಪ್ಪ,
"ಇಪ್ಪತ್ತಾರು ವರ್ಷದ ತೂಕ ಅದರಾಗೈತಿ."

ಹಾಗಾಗಿ ಮಂಡಕ್ಕಿ ಭಟ್ಟಿಯ ಓಣಿಯಲ್ಲಿ, ಮಹಡಿಯ ಮೇಲೆ,
ಇಲ್ಲದ ಯಂತ್ರವೊಂದನ್ನು ಲ್ಯಾಪ್‌ಟಾಪಿನೊಳಗೆ ಕಟ್ಟುತ್ತಿದ್ದೇನೆ.
ಕಿಟಕಿ ತೆಗೆದರೆ ಹೊಟ್ಟಿನ ಹೊಗೆ, ಮುಚ್ಚಿದರೆ ಸೆಖೆ.
ಪ್ರೊಸೆಸರು ಆಯಿತು, ಮೆಮೊರಿ ಆಯಿತು.
ಉಳಿದದ್ದು ಬಾಗಿಲ ಬಳಿಯ ಪುಟ್ಟ ಚಿಪ್ಪು:
ಎಂಟು ಕಡೆಯ ಕರೆ ಕೇಳಿಸಿಕೊಂಡು
ಒಂದೇ ತಂತಿಯಿಂದ ಒಳಗಿನವನ ಭುಜ ತಟ್ಟಿ
"ಅದನ್ನು ಬಿಡು, ಇಲ್ಲಿ ನೋಡು" ಅನ್ನುವುದು.

ತಂತಿ ಎಲ್ಲಿಂದ ತರಲಿ? ನನ್ನ ಬಳಿ ಇರುವುದು ಒಂದು ಬೈಟು.
ಎಂಟು ಬಿಟ್ಟು, ಎಂಟು ಗಂಟಲು.
ಯಾರ ಬಾಯಿಗೆ ಕೈ ಅಡ್ಡ ಇಟ್ಟಿದ್ದೇನೆ ಅನ್ನುವುದಕ್ಕೆ ಇನ್ನೊಂದು.
ಯಾರ ಕೆಲಸ ನಡೆದಿದೆ ಅನ್ನುವುದಕ್ಕೆ ಮತ್ತೊಂದು.
ಬಾಯಿ ಮುಚ್ಚಿಸಿದವನ ಕರೆಯೂ ಅಳಿಸಿ ಹೋಗಬಾರದು,
ಕೈ ತೆಗೆದ ಕೂಡಲೆ ಕೇಳಿಸಬೇಕು.
ಇದು ತಿಳಿಯುವಷ್ಟರಲ್ಲಿ
ಹದಿನಾಲ್ಕು ಟನ್ ಮೆಕ್ಕೆಜೋಳದ ಲಾರಿಯೊಂದು
ಹಲಗೆ ಇಳಿದು ಹೋಗಿಯೇಬಿಟ್ಟಿತ್ತು;
ಪರದೆಯ ಮೇಲೆ ಅದರ ಮುಂದಿನದೇ ಇನ್ನೂ ನಿಂತಿತ್ತು.

ಹಾರ್ನು ಒಂದು ಸಲ ಹೊಡೆದು ಬೀಡಿ ಹಚ್ಚುವ ಡ್ರೈವರು ಬೇರೆ,
ಗೇಟು ತೆಗೆಯುವ ತನಕ ಒತ್ತಿಹಿಡಿಯುವವನು ಬೇರೆ.
ಮೊದಲನೆಯವನನ್ನು ನೆನಪಿಟ್ಟುಕೊಳ್ಳಬೇಕು,
ಎರಡನೆಯವನು ತಾನೇ ನೆನಪಿಸುತ್ತಾನೆ.
ಇಬ್ಬರನ್ನೂ ಬರೆದೆ.

ಕೆಳಗಿನಿಂದ ಜಬೀನಾ ಕೂಗುತ್ತಾಳೆ: "ಅಕ್ಕಾ, ನೀರು ಬಂತು!"
ಎಂಟು ದಿನಕ್ಕೊಮ್ಮೆ ಬರುವ ನಲ್ಲಿ.
ಇದರ ಬಾಯಿಗೆ ಅಡ್ಡ ಇಡುವ ಕೈ ಯಾವ ಚಿಪ್ಪಿಗೂ ಇಲ್ಲ.
ಅರ್ಧ ಸಾಲು ಬಿಟ್ಟು ಕೊಡ ಹಿಡಿದು ಇಳಿದೆ,
ಬಂದ ಮೇಲೆ ಎಲ್ಲಿದ್ದೆನೆಂದು ಹುಡುಕಿದೆ.

ಕೊನೆಗೆ ಎಲ್ಲ ನಡೆಯಿತು. ಒಂದೂ ತಪ್ಪಿಲ್ಲ.
ಕೊಟ್ರಬಸಪ್ಪ ಸಂಜೆಯ ಪಟ್ಟಿಯ ತುದಿಗೆ ಬೆರಳಿಟ್ಟರು:
"ಸುಳ್ಳು: 0."
"ಈ ಮಿಷನ್ನು ಸರಿ ಇಲ್ಲವ್ವಾ.
ದಿನಾ ಒಂದೆರಡು ಇರ್ತಿತ್ತು. ಹತ್ತು ದಾಟಿತಂದ್ರ
ಕೇಬಲ್ಲು ಇಲಿ ಕಡಿದೈತಿ ಅಂತ ನಾನು ನೋಡಾಕ ಹೋಗ್ತಿದ್ದೆ."

ಆ ರಾತ್ರಿ ಚಿಪ್ಪಿನ ಹಳೇ ಕೈಪಿಡಿ ಮತ್ತೆ ತೆರೆದೆ.
ಹಾರಿಸಿ ಓದಿದ್ದ ಪುಟದಲ್ಲಿ ಅದು ಇತ್ತು:
ಬಾಗಿಲು ತಟ್ಟಿದವನು ತೆಗೆಯುವಷ್ಟರಲ್ಲಿ ಹೋಗಿದ್ದರೆ
"ಯಾರು?" ಅಂತ ಒಳಗಿನವನು ಕೇಳಿದಾಗ
ಚಿಪ್ಪು ಸುಮ್ಮನಿರಲಾರದು. "ಏಳು" ಅನ್ನುತ್ತದೆ.
ಏಳರ ಕಡೆ ಯಾರೂ ಇರುವುದಿಲ್ಲ.
ಹೆಸರಿಲ್ಲದ ಆ ಪ್ರೋಗ್ರಾಮಿನವರಿಗೆ ಇದು ಗೊತ್ತಿತ್ತು,
ಐದೇ ಸಾಲು: ಏಳು ಬಂದರೆ ಇಣುಕಿ ನೋಡು,
ಯಾರೂ ಇಲ್ಲದಿದ್ದರೆ ಒಂದು ಎಣಿಸು, ಹಿಂತಿರುಗು.

ನಾನು ಅತಿ ಜಾಣತನದಿಂದ ಒರೆಸಿಹಾಕಿದ್ದ ಸುಳ್ಳನ್ನು
ಬೆಳಗಿನ ಜಾವ, ಭಟ್ಟಿಗಳು ಹೊತ್ತಿಕೊಳ್ಳುವ ಹೊತ್ತಿಗೆ,
ಜೋಪಾನವಾಗಿ ಮರಳಿ ಇಟ್ಟೆ.
ಒಂದೇ ಎಚ್ಚರ:
ಉಳಿದೆಲ್ಲ ಕರೆಗೂ ಕೊನೆಗೆ "ಮುಗಿಯಿತು" ಅನ್ನಬೇಕು,
ಇಲ್ಲವಾದರೆ ಹಿಂದಿನವರು ಕಾಯುತ್ತಲೇ ಇರುತ್ತಾರೆ.
ಈ ಏಳಕ್ಕೆ ಮಾತ್ರ ಅನ್ನಬಾರದು.
ಶುರುವೇ ಆಗಿರಲಿಲ್ಲವಲ್ಲ.

ಮರುದಿನ ಪಟ್ಟಿಯಲ್ಲಿ: "ಸುಳ್ಳು: 12."
ಕೊಟ್ರಬಸಪ್ಪ ಟಾರ್ಚು ತಗೊಂಡು
ಹಲಗೆಯ ಕೆಳಗೆ ಬಗ್ಗಿದರು.